ಹಲ್ಲಿನ ಪಟ್ಟಿಯ ಅಪ್ಪಣ್ಣ

ನಮ್ಮ ಭಾವ ಅಪ್ಪಣ್ಣನವರ ಬಾಯಲ್ಲಿ 'ಸುಮಾರು' ಎಂಬ ಮಾತನ್ನು ನಾನು ಒಮ್ಮೆಯೂ ಕೇಳಲಿಲ್ಲ. ಹೊತ್ತು ಎಷ್ಟಾಯಿತು ಎಂದು ಕೇಳಿದರೆ ಗೋಕಾಕದ ಪೇಟೆಯಲ್ಲಿ ಬೇರೆಯವರು 'ಊಟದ ಹೊತ್ತಾತು' ಅನ್ನುತ್ತಿದ್ದರು. ಇವರು ಅಂಗಳಕ್ಕಿಳಿದು ಗೋಡೆಯ ನೆರಳು ನೋಡಿ ಬಂದು ಹೇಳುತ್ತಿದ್ದರು. ಅಷ್ಟರೊಳಗೆ ಕೇಳಿದವನು ಉಂಡು ಕೈ ತೊಳೆದಿರುತ್ತಿದ್ದ. ಇಂಥ ಮನುಷ್ಯನ ಮನೆಗೆ ಸೊಸೆಯಾಗಿ ಹೋದವಳು ನಾನು, ಹುಕ್ಕೇರಿಯ ಚನ್ನವ್ವ. ಭಾವನ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿಲ್ಲ. ಸೆರಗು ತಲೆಯ ಮೇಲೆ, ಮೈ ಬಾಗಿಲ ಹಿಂದೆ. ಆದರೆ ಬಾಗಿಲ ಹಿಂದೆ ನಿಂತವಳಿಗೆ ಕಾಣುವಷ್ಟು ಎದುರು ಕೂತವರಿಗೆ ಕಾಣುವುದಿಲ್ಲ. ನಾನು ಈಗ ಬರೆಯುತ್ತಿರುವುದು ಹಾಗೆ ಕಂಡದ್ದನ್ನೇ.

ನನ್ನ ಗಂಡ ಅವರ ಒಬ್ಬನೇ ತಮ್ಮ. ಗಂಡನ ಹೆಸರನ್ನು ಬಾಯಿಂದ ಹೇಳಬಾರದು ಎನ್ನುತ್ತಾರೆ. ಬರೆಯಬಾರದು ಎಂದು ಯಾರೂ ಹೇಳಿಲ್ಲ. ಗುರುಲಿಂಗಪ್ಪ.

ಮನೆತನದ ಕೆಲಸ ಮಗ್ಗದ ಹಣಗಿ ಕಟ್ಟುವುದು. ನೇಯುವಾಗ ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳದಂತೆ ಬಿಡಿಸಿ ಹಿಡಿಯುವ, ಬಾಚಣಿಕೆಯಂಥ ಉದ್ದನೆಯ ಚೌಕಟ್ಟು ಅದು. ಬಿದಿರನ್ನು ತೆಳ್ಳಗೆ ಸೀಳಿ, ಒಂದೊಂದೇ ಸೀಳನ್ನು ದಾರದಿಂದ ಬಿಗಿದು ಸಾಲಾಗಿ ಕಟ್ಟಬೇಕು. ಆ ಸೀಳುಗಳಿಗೆ ಹಲ್ಲು ಎನ್ನುತ್ತಾರೆ. ಇಂಚಿಗೆ ಎಷ್ಟು ಹಲ್ಲು ಎಂಬುದರ ಮೇಲೆ ಬಟ್ಟೆ ತೆಳುವೋ ದಪ್ಪವೋ ಗೊತ್ತಾಗುತ್ತದೆ. ಭಾವ ಹಲ್ಲು ಕಟ್ಟುತ್ತಿದ್ದರು. ಕಟ್ಟಿ ಮುಗಿದ ಮೇಲೆ ಮೇಲೂ ಕೆಳಗೂ ಏರುಪೇರಾಗಿ ಚಾಚಿಕೊಂಡ ತುದಿಗಳನ್ನು ಕತ್ತರಿಸಿ ಸಮ ಮಾಡುವುದು ನಮ್ಮ ಅತ್ತೆ ಯಲ್ಲವ್ವನ ಪಾಲಿನ ಕೆಲಸ. ಆಕೆ ಸವರದೆ ಒಂದು ಹಣಗಿಯೂ ಹೊಸ್ತಿಲು ದಾಟುತ್ತಿರಲಿಲ್ಲ. ತುದಿ ಏರುಪೇರು ಇದ್ದರೆ ಅದು ಮುಗಿದ ಕೆಲಸವೇ ಅಲ್ಲ ಎಂದು ಆಕೆ ನಂಬಿದ್ದಳು. ಭಾವನೋ, ನಡುವೆ ಒಂದು ಹಲ್ಲು ತಪ್ಪಿದೆ ಎಂದು ಗೊತ್ತಾದರೆ ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ಇಡೀ ಹಣಗಿ ಬಿಚ್ಚಿ ಹಾಕುವವರು. ಗಿರಾಕಿ ಬೈದರೆ ಬೈಸಿಕೊಳ್ಳುತ್ತಿದ್ದರು.

ಅವರ ಹೆಂಡತಿ ಮದುವೆಯಾದ ಕೆಲವೇ ವರ್ಷಗಳಲ್ಲಿ ಪ್ಲೇಗಿನಲ್ಲಿ ತೀರಿಕೊಂಡಳಂತೆ. ಮಕ್ಕಳಿರಲಿಲ್ಲ. ಇನ್ನೊಂದು ಮದುವೆಗೆ ಒಪ್ಪಲಿಲ್ಲ. ಕೆಲಸ ಬಿಟ್ಟರೆ ಅವರಿಗೆ ಇದ್ದದ್ದು ಒಂದು ಬಿಸ್ಕತ್ತಿನ ತಗಡಿನ ಡಬ್ಬಿ, ಅದರ ತುಂಬ ಹಳೆಯ ಅಂಚೆಚೀಟಿಗಳು.

ಈ ಹುಚ್ಚು ಹತ್ತಿಸಿದವರು ನಮ್ಮ ಮಾವ ವೀರಪ್ಪ. ಅವರು ಗೋಕಾಕ ಫಾಲ್ಸಿನ ಗಿರಣಿಯ ಉಗ್ರಾಣದಲ್ಲಿ ಕೆಲಸಕ್ಕಿದ್ದರು. ಎಡ್ವರ್ಡ್ ರಾಜನ ಕಾಲ. ಯಂತ್ರದ ಸಾಮಾನಿನ ಸಲುವಾಗಿ ವಿಲಾಯತಿಯಿಂದ ಟಪಾಲು ಬರುತ್ತಿತ್ತು. ಕಸಕ್ಕೆ ಹೋಗುವ ಲಕೋಟೆಗಳನ್ನು ಮಾವ ಕೇಳಿ ಮನೆಗೆ ತರುತ್ತಿದ್ದರು. ಅಣ್ಣ ತಮ್ಮ ಇಬ್ಬರೂ ತಾಟಿನಲ್ಲಿ ನೀರು ಹಾಕಿ, ಲಕೋಟೆಯ ತುಂಡು ನೆನೆಸಿ, ಚೀಟಿ ಬಿಡಿಸಿ, ಮಾಳಿಗೆಯ ಕುಂಬಿಯ ಮೇಲೆ ಒಣಗಿಸುತ್ತಿದ್ದರಂತೆ. ಅದೇ ತಾಟಿನಲ್ಲಿ ಊಟಕ್ಕೂ ಬಡಿಸಬೇಕಲ್ಲ, ಅತ್ತೆ ಇಬ್ಬರಿಗೂ ಬೈಯುತ್ತಿದ್ದಳಂತೆ. ನನ್ನ ಗಂಡನಿಗೆ ಮೀಸೆ ಬಂದಾಗ ಆ ಹುಚ್ಚು ಹೋಯಿತು, ವ್ಯಾಪಾರದ ಹುಚ್ಚು ಬಂತು. ಭಾವನಿಗೆ ಹೋಗಲೇ ಇಲ್ಲ.

ಉಗ್ರಾಣದ ಮೇಲ್ವಿಚಾರಕ ಒಬ್ಬ ಪಾರ್ಸಿ ಮುದುಕ. ನಿವೃತ್ತನಾಗಿ ಮುಂಬಯಿಗೆ ಹೋಗುವಾಗ ಅವನು ಭಾವನಿಗೆ ಒಂದು ರಟ್ಟಿನ ಪಟ್ಟಿ ಕೊಟ್ಟು ಹೋದ. ಅದರ ಮೇಲೆ ಸಾಲು ಸಾಲಾಗಿ ಕಪ್ಪು ಚುಕ್ಕಿ. ಮೇಲಿನ ಸಾಲಿನಲ್ಲಿ ವಿರಳ, ಕೆಳಕೆಳಗೆ ಒತ್ತೊತ್ತಾಗಿ. ಪ್ರತಿ ಸಾಲಿನ ಬದಿಗೆ ಒಂದು ಅಂಕಿ. ಅಂಚೆಚೀಟಿಯ ಅಂಚಿನ ಹಲ್ಲನ್ನು ಆ ಚುಕ್ಕಿಗಳ ಮೇಲೆ ಇಟ್ಟು ಸರಿಸುತ್ತ ಹೋಗಬೇಕು. ಯಾವ ಸಾಲಿಗೆ ಹಲ್ಲೂ ಚುಕ್ಕಿಯೂ ಕೂಡುತ್ತವೆಯೋ ಆ ಅಂಕಿಯೇ ಆ ಚೀಟಿಯ ಅಳತೆ. ಎರಡು ಸೆಂಟಿಮೀಟರಿನಲ್ಲಿ ಇಷ್ಟು ಹಲ್ಲು ಎಂದು ಅದರ ಅರ್ಥ. ಒಂದೇ ಚಿತ್ರದ, ಒಂದೇ ಬಣ್ಣದ ಚೀಟಿಗಳನ್ನು ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ಯಂತ್ರದ ಮೇಲೆ ಮಾಡಿರುತ್ತಾರೆ. ಮೋರೆ ನೋಡಿದರೆ ತಿಳಿಯುವುದಿಲ್ಲ, ಹಲ್ಲು ಅಳೆದರೆ ತಿಳಿಯುತ್ತದೆ. ಎತ್ತಿನ ವಯಸ್ಸು ನೋಡುವವರೂ ಹಲ್ಲನ್ನೇ ಅಲ್ಲವೆ ನೋಡುವುದು? ಹಣಗಿಯ ಮನುಷ್ಯನಿಗೆ ಇನ್ನೇನು ಬೇಕು. ಹಸಿದವನಿಗೆ ಕರದಂಟು ಕೊಟ್ಟ ಹಾಗಾಯಿತು.

ಸೋಮವಾರ ಲಿಂಗಪೂಜೆ ಮುಗಿಸಿ, ಅವತ್ತು ಬಿದಿರು ಮುಟ್ಟದೆ, ಪಡಸಾಲೆಯ ಬೆಳಕಿಂಡಿಯ ಕೆಳಗೆ ಕೂತು ಭಾವ ಚೀಟಿ ಅಳೆಯುತ್ತಿದ್ದರು. ಅಳೆದದ್ದನ್ನು ಗಟ್ಟಿಯಾಗಿ ಹೇಳುವ ರೂಢಿ. 'ಹದಿನಾಲ್ಕು. ಹದಿನಾಲ್ಕು. ಹದಿನಾಲ್ಕು.' ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಬೇರೆ ಅಂಕಿ ಬಂದ ದಿನ ದನಿ ಬದಲಾಗುತ್ತಿತ್ತು. ಅಂಥ ದಿನ ಅವರು ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದರು.

ಅವರ ಜೀವವೆಲ್ಲ ಇದ್ದದ್ದು ಎರಡು ಕೆಂಪು ಚೀಟಿಗಳಲ್ಲಿ. ಎರಡೂ ಒಂದು ಪೆನ್ನಿಯವು, ಎರಡರ ಮೇಲೂ ಎಡ್ವರ್ಡ್ ರಾಜನ ಗಡ್ಡದ ಮುಖ. ಒಂದು ಅಣ್ಣ ಬಿಡಿಸಿದ್ದು, ಇನ್ನೊಂದು ತಮ್ಮ ಬಿಡಿಸಿದ್ದು. ಯಾವುದು ಯಾರದೆಂದು ಇಬ್ಬರಿಗೂ ಮರೆತಿತ್ತು. ಅಳೆದಾಗ ಒಂದು ನಾಲ್ಕೂ ಕಡೆ ಹದಿನಾಲ್ಕು. ಇನ್ನೊಂದು ಬದಿಗೆ ಹದಿನಾಲ್ಕಾದರೂ ಮೇಲೆ ಕೆಳಗೆ ಹದಿನೈದು. ರಾಜ ತೀರಿಕೊಂಡ ಮೇಲೆ ಅಚ್ಚಿನ ಕೆಲಸ ಬೇರೆಯವರ ಕೈಗೆ ಹೋಯಿತು, ಅವರ ಯಂತ್ರದ ಹಲ್ಲು ಹದಿನೈದು ಎಂದು ಪಾರ್ಸಿ ಮುದುಕ ಹೇಳಿದ್ದನಂತೆ. ಗಿರಣಿಯ ಕಸದಲ್ಲಿ ಅಂಥದು ಒಂದೇ ಒಂದು ಸಿಕ್ಕಿತ್ತು.

ಸಾವಿರದ ಒಂಬೈನೂರ ನಲವತ್ತರ ಬೇಸಿಗೆಯಲ್ಲಿ ನಮ್ಮ ಮನೆ ಪಾಲಾಯಿತು. ಜಗಳವೇನಿರಲಿಲ್ಲ. ನನ್ನ ಗಂಡನಿಗೆ ಮೂಡಲಗಿಯಲ್ಲಿ ಬೆಲ್ಲದ ಅಂಗಡಿ ಇಡುವ ಆಸೆ. ಅಂಗಡಿ ಅಂದರೆ ಹೊಣೆ, ಅದನ್ನು ಅಣ್ಣನ ತಲೆಗೆ ಕಟ್ಟಬಾರದೆಂದು ಅವರೇ ಪಾಲು ಕೇಳಿದರು. ಬಸವ ಜಯಂತಿ ಮುಗಿದ ಮೇಲೆ ಓಣಿಯ ಹಿರಿಯ ಅಲ್ಲಪ್ಪ ಮತ್ತು ಇನ್ನಿಬ್ಬರು ಪಂಚರು ಬಂದು ಕೂತರು. ನಮ್ಮ ರೂಢಿ ಎಲ್ಲರಿಗೂ ಗೊತ್ತು: ಹಿರಿಯ ಪಾಲು ಹಾಕಬೇಕು, ಕಿರಿಯ ಆರಿಸಿಕೊಳ್ಳಬೇಕು. ಹಾಕುವವನಿಗೆ ಯಾವುದು ತನಗೆ ಉಳಿಯುತ್ತದೋ ತಿಳಿಯದು, ಹೀಗಾಗಿ ಮೋಸಕ್ಕೆ ದಾರಿಯಿಲ್ಲ. ಹೊಲ, ಪಾತ್ರೆ, ಬಿದಿರು, ಎಲ್ಲ ಮಧ್ಯಾಹ್ನದೊಳಗೆ ಮುಗಿಯಿತು. ಪಂಚರು ಎಲೆಅಡಿಕೆ ಹಾಕಿಕೊಂಡು ಏಳುವಾಗ ನನ್ನ ಗಂಡ ತಗಡಿನ ಡಬ್ಬಿಯ ಕಡೆ ನೋಡಿದರು.

"ಅದೂ ಅಪ್ಪ ತಂದದ್ದಲ್ಲಾ ಅಣ್ಣಾ. ನನಗೂ ಅಪ್ಪನ ನೆನಪಿಗೆ ಅಂತ ಒಂದೀಟು ಇರಲಿ" ಎಂದರು.

ಭಾವನ ಮೋರೆ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ಅವರು, "ಖರೆ ಐತಿ. ಆದ್ರ ಅದನ್ನ ಹಿಂಗ ಮುಟಿಗಿಲೆ ಹಂಚಾಕ ಬರೂದಿಲ್ಲ. ಕಾರಹುಣ್ಣಿಮಿತನಕ ಟೈಮ್ ಕೊಡು" ಎಂದರು.

ಅಲ್ಲಪ್ಪ ನಕ್ಕು, "ನಿಮ್ಮ ಅಣ್ಣ ತಿಕೀಟಕ್ಕೂ ಪಂಚಾಂಗ ನೋಡಾವ ಬಿಡಪಾ" ಎಂದು ಎದ್ದು ಹೋದ.

ಮರುದಿನದಿಂದ ಭಾವ ಹಣಗಿಯ ಕೆಲಸ ಅರ್ಧ ಮಾಡಿ, ಉಳಿದ ಹೊತ್ತೆಲ್ಲ ಬೆಳಕಿಂಡಿಯ ಕೆಳಗೆ ಕೂತರು. ಎರಡು ಗುಡ್ಡೆ. ಒಂದೊಂದೇ ಚೀಟಿ ಎತ್ತಿ, ಪಟ್ಟಿಯ ಮೇಲಿಟ್ಟು, ಭೂತಗನ್ನಡಿ ಹಿಡಿದು ಅಳೆದು, ಈ ಗುಡ್ಡೆಗೆ ಒಂದು ಹಾಕಿದರೆ ಆ ಗುಡ್ಡೆಗೆ ಅದರ ಸರಿಜೋಡಿ ಹಾಕುವುದು. ಜೋಡಿ ಇಲ್ಲದ್ದಕ್ಕೆ ಬದಲಾಗಿ ಏನು ಹಾಕಬೇಕು ಎಂದು ಯೋಚಿಸುತ್ತ ಕೂಡುವುದು. ಹದಿನೈದರ ಕೆಂಪನ್ನು ಒಂದು ಗುಡ್ಡೆಗೆ ಹಾಕಿ, ಇನ್ನೊಂದಕ್ಕೆ ತಮಗೆ ಪ್ರಿಯವಾದ ಮೂರು ನಾಲ್ಕು ಚೀಟಿ ಹಾಕಿದರು. ತಿರುಗಿ ತೆಗೆದರು. ಮತ್ತೆ ಹಾಕಿದರು. ಅತ್ತೆ ಕೇಳಿದಾಗ ಅವರು ಹೇಳಿದ್ದು ನನ್ನ ಕಿವಿಗೂ ಬಿತ್ತು: "ತಮ್ಮ ಕಣ್ಣು ಮುಚ್ಚಿ ಆರಿಸಿದ್ರೂ ಅವಗ ಕಡಿಮಿ ಬೀಳಬಾರ್ದು ಯವ್ವಾ."

ಆದರೆ ಅಳೆಯುವವನ ಕೈಯನ್ನು ಲೋಕ ನಂಬುವುದಿಲ್ಲ. ಪೇಟೆಯಲ್ಲಿ ಎಣ್ಣೆಯ ಅಂಗಡಿಯ ಶೆಟ್ಟೆಪ್ಪ ನನ್ನ ಗಂಡನನ್ನು ಕರೆದು ಕೂರಿಸಿಕೊಂಡು, "ನಿಮ್ಮ ಅಣ್ಣ ಭೂತಗನ್ನಡಿ ಹಿಡದು ಹಲ್ಲ ನೋಡಾಕತ್ತಾನಂತಲ್ಲೊ. ಅಷ್ಟು ನೋಡಾವ ಚೊಲೋದು ಯಾವುದು ಅಂತ ತಿಳಕೊಳ್ಳದ ಬಿಡತಾನೇನು?" ಎಂದು ಚುಚ್ಚಿದ. ಶೆಟ್ಟೆಪ್ಪನಿಗೆ ತನ್ನ ಎಣ್ಣೆಯ ಅಳತೆ ಎಂಥದೆಂದು ಗೊತ್ತಿತ್ತು, ಅದಕ್ಕೇ ಉಳಿದವರದೂ ಅಂಥದೇ ಎಂದು ತಿಳಿದಿದ್ದ. ನನ್ನ ಗಂಡ ಆ ಮಾತನ್ನು ಅಲ್ಲೇ ಬಿಟ್ಟು ಬರಬೇಕಾಗಿತ್ತು. ಕಟ್ಟಿಕೊಂಡು ಮನೆಗೆ ತಂದರು.

ಮೊದಲು ಒಂದು ದಿನ ಅಣ್ಣನ ಪಕ್ಕ ಹೋಗಿ ಕೂತರು. ಭಾವನಿಗೆ ಖುಷಿಯಾಯಿತು. ಎರಡೂ ಕೆಂಪು ಚೀಟಿ ಪಟ್ಟಿಯ ಮೇಲಿಟ್ಟು, ಗಾಜು ಹಿಡಿದು ತೋರಿಸಿದರು. "ನೋಡು, ಇದು ಹದಿನಾಲ್ಕು. ಇದರದು ಮ್ಯಾಲಿನ ಅಂಚು ಹದಿನೈದು. ಇವು ಎರಡೂ ಬ್ಯಾರೆ ಬ್ಯಾರೆ."

ನನ್ನ ಗಂಡ ಕಣ್ಣು ಕಿರಿದು ಮಾಡಿ ನೋಡಿದರು. "ನನಗ ಎರಡೂ ಒಂದ ಕಾಣತಾವ."

"ಸಾವಕಾಶ ನೋಡು. ಕಾಣತೈತಿ."

"ನಿನಗ ಕಾಣತೈತಿ ಅಣ್ಣಾ. ನನಗ ಕಾಣೂದಿಲ್ಲ. ಅದ ಅಲ್ಲ ಇಲ್ಲಿ ಮಾತು?" ಎಂದು ಎದ್ದರು.

ರಾತ್ರಿ ಊಟಕ್ಕೆ ಬಡಿಸುವಾಗ ನಾನು, ಭಾವ ಅತ್ತೆಗೆ ಹೇಳಿದ್ದನ್ನು ಹೇಳಿದೆ. ಅಳೆಯುತ್ತಿರುವುದು ನಿಮಗೆ ಕಡಿಮೆ ಬೀಳಬಾರದು ಅಂತ, ಸುಮ್ಮನೆ ಸಂಶಯ ಬೇಡ ಅಂದೆ. "ನೀ ಅವನ ಕಡೆ" ಎಂದು ತಾಟು ಸರಿಸಿಬಿಟ್ಟರು. ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎಂಬ ಗಾದೆ ಕೇಳಿದ್ದೆ. ಹೊಲಕ್ಕೆ ಬಡಿದಾಡುವುದನ್ನೂ ಕಂಡಿದ್ದೆ. ಉಗುಳು ಹಚ್ಚಿ ಅಂಟಿಸುವ ಕಾಗದದ ಚೂರಿಗೆ ಒಂದು ಮನೆ ಒಡೆಯುವುದನ್ನು ಕಂಡಿರಲಿಲ್ಲ. ನನಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆ ಬಂದಿತ್ತು.

ಕಾರಹುಣ್ಣಿಮೆ ಇನ್ನೇನು ಬಂತು ಅನ್ನುವಾಗ ಆ ಸಂಶಯ ಒಡೆದು ಹೊರಬಿತ್ತು. ಭಾವ ಎರಡು ಗುಡ್ಡೆಯನ್ನೂ ಎರಡು ಕಾಗದದಲ್ಲಿ ಕಟ್ಟಿ ಇಟ್ಟು, ತಮ್ಮನನ್ನು ಕರೆದು, "ಆತು. ಆರಿಸಿಕೊ" ಎಂದರು. ನನ್ನ ಗಂಡ ಬಾಗಿಲಲ್ಲೇ ನಿಂತರು.

"ಏನಂತ ಆರಸಲಿ? ಅಳತಿ ನಿನ್ನ ಕೈಯಾಗ, ಹೆಸರು ನಿನ್ನ ಬಾಯಾಗ. ಯಾವುದರ ಹಲ್ಲು ಎಷ್ಟು ಅಂತ ನಿನಗ ಒಬ್ಬವಗ ಗೊತ್ತು. ಕುರುಡನ ಮುಂದ ಎರಡು ಬೆಲ್ಲದ ಪೆಂಟಿ ಇಟ್ಟು ಬಣ್ಣ ನೋಡಿ ತಗೊ ಅಂದಂಗ ಆತು ಇದು."

"ನಾ ಸಮ ಮಾಡೇನಿ."

"ಸಮ ಅನ್ನಾವನೂ ನೀನ. ಇರಲಿ, ಎರಡೂ ನೀನ ಇಟಗೊ. ನಾ ಹುಣ್ಣಿಮಿ ಮರುದಿನ ಮೂಡಲಗಿಗೆ ಹೋಗತೇನಿ. ಮತ್ತ ಈ ಹೊಸ್ತಿಲಾ ತುಳಿಯೂದಿಲ್ಲ."

ಭಾವ ಎರಡೂ ಕಟ್ಟನ್ನು ತಿರುಗಿ ಡಬ್ಬಿಯಲ್ಲಿಟ್ಟರು. ಅತ್ತೆ ಮೂಲೆಯಲ್ಲಿ ಹಣಗಿಯ ತುದಿ ಸವರುತ್ತ ಕೂತವಳು ಕತ್ತರಿ ನಿಲ್ಲಿಸಿ ಇಬ್ಬರ ಮೋರೆಯನ್ನೂ ನೋಡಿದಳು. ಮಕ್ಕಳ ಜಗಳ ಯಾತಕ್ಕೆ ಎಂದು ಆಕೆಗೆ ಅಷ್ಟು ದಿನ ತಿಳಿದಿರಲಿಲ್ಲ. ಹಲ್ಲಿನಿಂದ ಎಂದು ಆಗ ತಿಳಿಯಿತು.

ಮರುದಿನ ಭಾವ ಹಣಗಿ ಕೊಡಲು ಹುಕ್ಕೇರಿಯ ಕಡೆ ಹೋದರು, ನನ್ನ ಗಂಡ ಬಂಡಿ ಗೊತ್ತು ಮಾಡಲು ಪೇಟೆಗೆ. ನಾನು ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದೆ. ತಿರುಗಿ ಬಂದು ನೋಡಿದರೆ ಅತ್ತೆ ಬೆಳಕಿಂಡಿಯ ಕೆಳಗೆ ಕೂತಿದ್ದಾಳೆ, ಕೈಯಲ್ಲಿ ಹಣಗಿ ಸವರುವ ಸಣ್ಣ ಕತ್ತರಿ, ಮುಂದೆ ಎರಡು ಗುಡ್ಡೆ. ಆಕೆಯ ಸೀರೆಯ ನೆರಿಗೆಯ ಮೇಲೆಲ್ಲ ರವೆಯಂತೆ ಕಾಗದದ ಚೂರು.

"ಏನ್ ಮಾಡಾಕತ್ತೀರಿ ಅತ್ತೀ?"

"ಮುಗೀತ ಬಂತವಾ. ಹೆಂತಾ ಹುಡುಗೂರು ನೋಡು, ಇಷ್ಟು ದಿನ ಈ ಏರುಪೇರು ತುದಿ ಇಟಗೊಂಡು ಕುಂತಾರ. ಯಾರಿಗೂ ಸವರಬೇಕು ಅನ್ನೂದು ಹೊಳೀಲಿಲ್ಲ. ಹಲ್ಲಿನ ಸಂಬಂಧ ತಂಟೆ ಅಂದ್ರ ಹಲ್ಲ ತಗದ್ರ ಆತು. ಈಗ ಎಲ್ಲಾ ಸಮ."

ಒದ್ದೆ ಬಟ್ಟೆಯ ಗಂಟು ನನ್ನ ಕೈಯಿಂದ ಜಾರಿತು. ಒಂದೇ ಒಂದು ಹಲ್ಲೂ ಉಳಿದಿರಲಿಲ್ಲ. ಕೆಲಸವೇನೋ ಅಚ್ಚುಕಟ್ಟು, ಒಂದು ಅಂಚೂ ವಾರೆ ಇಲ್ಲ. ಎಪ್ಪತ್ತು ದಾಟಿದ ಮುದುಕಿ, ಅಷ್ಟು ಸಣ್ಣ ಕಾಗದ, ನಾಲ್ಕೂ ಕಡೆ ನೇರ ಗೆರೆ. ಆಕೆಯ ಮುಖದಲ್ಲಿ ಮನೆ ಉಳಿಸಿದ ಸಮಾಧಾನವಿತ್ತು. ಆ ಮುಖ ನೋಡಿ ನನಗೆ ಬೈಯಲು ಬಾಯಿ ಬರಲಿಲ್ಲ, ನಗಲೂ ಆಗಲಿಲ್ಲ. ಅಳು ಮಾತ್ರ ಬಂತು. ಅದನ್ನೂ ಹಿತ್ತಲಿಗೆ ಹೋಗಿ ಅತ್ತು ಮುಗಿಸಿದೆ.

ಸಂಜೆ ದೀಪ ಹಚ್ಚುವ ಮೊದಲು ಇಬ್ಬರೂ ಬಂದರು. ಅತ್ತೆ ಇಬ್ಬರನ್ನೂ ಕರೆದು ಕೂರಿಸಿದಳು. "ಈಗ ಆರಿಸ್ಕೋ ಗುರುಲಿಂಗಾ. ಯಾವುದರದೂ ಹಲ್ಲ ಇಲ್ಲ. ನಿಮ್ಮಣ್ಣಗ ಕಾಣೂದು, ನಿನಗ ಕಾಣದ್ದು, ಏನೂ ಉಳದಿಲ್ಲ."

ಭಾವ ಒಂದು ಚೀಟಿ ಎತ್ತಿಕೊಂಡರು. ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. ಅದನ್ನಿಟ್ಟು ಇನ್ನೊಂದು ಎತ್ತಿದರು. ಮೂವತ್ತು ವರ್ಷ ಕೂಡಿಸಿದ್ದು, ನೆನೆಸಿ ಒಣಗಿಸಿದ್ದು, ಅಳೆದು ಹೆಸರಿಟ್ಟದ್ದು. ಒಂದಕ್ಕೂ ಇನ್ನು ಹೆಸರಿರಲಿಲ್ಲ. ಅವರು ಸಿಟ್ಟಿಗೇಳುತ್ತಾರೆ ಎಂದು ನಾನು ಬಾಗಿಲ ಹಿಂದೆ ನಿಂತು ಕಾದೆ. ಅವರು ತಾಯಿಯ ಕಡೆ ತಿರುಗಿದರು.

"ಚೊಲೋ ಮಾಡಿದಿ ಯವ್ವಾ. ಸಮ ಆತು."

ನನ್ನ ಗಂಡ ಮೊದಲು ಗೆದ್ದವರ ಹಾಗೆ ನಕ್ಕರು. ಆಮೇಲೆ ಅಣ್ಣನ ಮುಖ ನೋಡಿದರು. ನಗೆ ನಿಂತಿತು. ಗುಡ್ಡೆಗಳಲ್ಲಿ ಹುಡುಕಿ ಎರಡು ಕೆಂಪು ಚೀಟಿ ತೆಗೆದು ಅಂಗೈ ಮೇಲೆ ಇಟ್ಟುಕೊಂಡರು. ಬಹಳ ಹೊತ್ತು ನೋಡಿದರು.

"ಅಣ್ಣಾ, ಇವೆರಡರಾಗ ಆ ಹದಿನೈದರದು ಯಾವುದಿತ್ತು?"

ಭಾವ ತಲೆ ಎತ್ತಲಿಲ್ಲ. "ಎರಡೂ ಒಂದ."

"ಅವತ್ತ ನೀನ ತೋರಿಸಿದ್ದಿ, ಬ್ಯಾರೆ ಬ್ಯಾರೆ ಅಂತ."

"ನಂದು ಕಣ್ಣ ತಪ್ಪಿತ್ತು. ನೀ ಹೇಳಿದ್ದ ಖರೆ. ಎರಡೂ ಒಂದ ಇದ್ದುವು. ಒಂದು ನೀ ಇಟಗೊ, ಒಂದು ನನಗ ಕೊಡು."

ಒಂದು ಹಲ್ಲು ತಪ್ಪಿದರೆ ಇಡೀ ಹಣಗಿ ಬಿಚ್ಚುವ ಮನುಷ್ಯ, ತನ್ನ ಕಣ್ಣೇ ತಪ್ಪಿತ್ತು ಎಂದು ಹೇಳಿದ. ನನಗೆ ಗೊತ್ತಿದ್ದಂತೆ ಅವರು ಆಡಿದ ಸುಳ್ಳು ಅದೊಂದೇ. ನನ್ನ ಗಂಡ ಹೆಚ್ಚು ಕೇಳಲಿಲ್ಲ. ಒಂದನ್ನು ಅಣ್ಣನ ಕೈಗೆ ಕೊಟ್ಟು, ಒಂದನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. ಉಳಿದ ಗುಡ್ಡೆಗಳನ್ನು ಅವರು ಆರಿಸಲೂ ಇಲ್ಲ, ಮುಟ್ಟಲೂ ಇಲ್ಲ. ಅವನ್ನು ಡಬ್ಬಿಗೆ ತುಂಬಿ ಅಣ್ಣನ ಗೂಡಿನಲ್ಲೇ ಇಟ್ಟರು.

ಹುಣ್ಣಿಮೆಯಾದ ಮರುದಿನ ಬಂಡಿ ಮೂಡಲಗಿಯ ದಾರಿ ಹಿಡಿಯಿತು. ಊರು ದಾಟಿದ ಮೇಲೆ ನನ್ನ ಗಂಡ ಎತ್ತುಗಳ ಬೆನ್ನನ್ನೇ ನೋಡುತ್ತ ಕೇಳಿದರು, "ಅಂವ ಸುಳ್ಳ ಹೇಳಿದ, ಅಲ್ಲಾ?"

"ಹೌದ್ರಿ" ಅಂದೆ.

"ನನ್ನ ಸಲುವಾಗಿ?"

"ನಿಮ್ಮ ಸಲುವಾಗಿನೂ, ಅತ್ತಿ ಸಲುವಾಗಿನೂ."

ಅವರು ಟವೆಲಿನಿಂದ ಕಣ್ಣು ಒರೆಸಿಕೊಂಡರು. ಧೂಳು ಅಂದರು. ಮುಂಗಾರು ಬಿದ್ದು ದಾರಿಯೆಲ್ಲ ಹಸಿಯಾಗಿತ್ತು.

ಅಲ್ಲಿಂದ ಮುಂದೆ ಸಂತೆ ಇರಲಿ ಇಲ್ಲದಿರಲಿ, ಅವರು ಗೋಕಾಕಕ್ಕೆ ಹೋಗುವುದು ಹೆಚ್ಚಾಯಿತು. ಅಣ್ಣನಿಗೆ ಬೆಲ್ಲ ಒಯ್ಯುತ್ತಿದ್ದರು, ಬರುವಾಗ ಹಣಗಿ ಹೊತ್ತು ತಂದು ಮೂಡಲಗಿಯ ಮಗ್ಗಗಳಿಗೆ ಕೊಡುತ್ತಿದ್ದರು. ಭಾವ ಮತ್ತೆ ಚೀಟಿ ಕೂಡಿಸಲಿಲ್ಲ. ಪಟ್ಟಿಯನ್ನು ಗೆದ್ದಲು ತಿಂದಿತು ಎಂದು ಒಮ್ಮೆ ಹೇಳಿದರಂತೆ, ಬೇಜಾರಿಲ್ಲದೆ. ಅತ್ತೆ ಕೊನೆಯ ತನಕ ತಾನು ಮಾಡಿದ ನ್ಯಾಯವನ್ನು ಓಣಿಯ ಹೆಂಗಸರಿಗೆ ಹೇಳಿಕೊಂಡು ಸುಖವಾಗಿ ಕಣ್ಣು ಮುಚ್ಚಿದಳು. ಅದು ನ್ಯಾಯವಲ್ಲ ಎಂದು ಮಕ್ಕಳಿಬ್ಬರೂ ಆಕೆಗೆ ತಿಳಿಯಗೊಡಲಿಲ್ಲ. ನಲವತ್ತಾರರ ಚಳಿಗಾಲದಲ್ಲಿ ಭಾವನೂ ಹೋದರು. ಆ ಹೊತ್ತಿಗೆ ನನ್ನ ಗಂಡ ಅವರ ಹಾಸಿಗೆಯ ಬದಿಗೇ ಇದ್ದರು.

ಮರುವರ್ಷ ಯಮಕನಮರಡಿಯ ಕಡೆಯ ಒಬ್ಬ ಮಾಸ್ತರರು ಮೂಡಲಗಿಗೆ ವರ್ಗವಾಗಿ ಬಂದರು. ಅವರಿಗೂ ಇದೇ ಹುಚ್ಚು. ಬೆಲ್ಲಕ್ಕೆ ಬಂದವರು ಮಾತಿನ ನಡುವೆ, ನಿಮ್ಮಲ್ಲಿ ಹಳೆಯವು ಏನಾದರೂ ಇದ್ದರೆ ತೋರಿಸಿ ಎಂದರು. ನನ್ನ ಗಂಡ ಎರಡು ಕೆಂಪು ಚೀಟಿ ತಂದು ಗಾದಿಯ ಮೇಲಿಟ್ಟರು. ಅಣ್ಣನದೂ ಈಗ ಇವರ ಹತ್ತಿರವೇ ಇತ್ತು. ಮಾಸ್ತರರು ಬೆಳಕಿಗೆ ಹಿಡಿದು ನೋಡಿ ಮರುಗಿದರು.

"ಅಯ್ಯ, ಹಲ್ಲ ಕತ್ತರಿಸ್ಯಾರಲ್ರಿ ಇವೆರಡರದು. ಈ ರಾಜಾನ ತಿಕೀಟದಾಗ ಎರಡು ಥರಾ ಅದಾವ. ಇವು ಎರಡೂ ಒಂದನೋ, ಬ್ಯಾರೆ ಬ್ಯಾರೆನೋ, ಹಲ್ಲ ಇಲ್ಲದ ಇನ್ನ ಯಾರೂ ಹೇಳಾಕ ಬರೂದಿಲ್ಲ."

ನಾನು ಒಳಬಾಗಿಲಲ್ಲಿ ನಿಂತಿದ್ದೆ. ನನ್ನ ಗಂಡ ನನ್ನ ಕಡೆ ನೋಡಲಿಲ್ಲ. ಚೀಟಿಗಳನ್ನು ಮಾಸ್ತರರ ಕೈಯಿಂದ ತೆಗೆದುಕೊಂಡು, ಜೋಡಿಸಿ ಮಡಚಿದ ಕಾಗದದೊಳಗೆ ಇಟ್ಟರು.

"ಎರಡೂ ಒಂದ ಅದಾವ್ರಿ ಮಾಸ್ತರ. ನಮ್ಮಣ್ಣ ಅಳದು ಹೇಳ್ಯಾನ."